ಸ್ಪೀಡ್‌ವೇ ಸಂಜೆಯ ಹಾಡು ಮತ್ತೆ ಹಾರ್ನಿನಲ್ಲಿ: ಗ್ಯಾರಾರ್ಡ್ ಡೆಕ್, ವಾಲ್ವ್ ಆಂಪ್ಲಿಫೈಯರ್ ರಿಪೇರಿ

ಬೆಂಚಿನ ಮೇಲಿರೋ ಸಾಮಾನು ಇಷ್ಟು: ಒಂದು ಗ್ಯಾರಾರ್ಡ್ ಎಸ್‌ಪಿ25 ರೆಕಾರ್ಡ್ ಡೆಕ್, ಒಂದು ವೋರ್ಟೆಕ್ಷನ್ ವಾಲ್ವ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಕೊಳವೆಯ) ಆಂಪ್ಲಿಫೈಯರ್, ನಾಲ್ಕು ಅಲ್ಯೂಮಿನಿಯಂ ಹಾರ್ನ್ ಸ್ಪೀಕರ್, ಒಂದು ಸುರುಳಿ ಹಳೇ ವೈರು. ಡೆಕ್ ತಯಾರಾದದ್ದು ನಾನಿರುವ ಊರಲ್ಲೇ, ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಆಂಪ್ಲಿಫೈಯರ್ ಲಂಡನ್ನಿನ ವಿಂಬಲ್ಡನ್‌ದು. ವಿಂಬಲ್ಡನ್ ಅಂದರೆ ನಮಗೆಲ್ಲ ಟೆನಿಸ್ ನೆನಪಾಗುತ್ತದೆ, ಆದರೆ ಅದೇ ಊರಿನ ಪ್ಲೌ ಲೇನ್ ಸ್ಟೇಡಿಯಂನಲ್ಲಿ 1928ರಲ್ಲೇ ಸ್ಪೀಡ್‌ವೇ ಬೈಕ್ ರೇಸ್ ಶುರುವಾಗಿತ್ತು. ಸ್ವಿಂಡನ್ನಿನಲ್ಲಿ ಊರಾಚೆಯ ಬ್ಲನ್ಸ್‌ಡನ್ ಸ್ಟೇಡಿಯಂನಲ್ಲಿ 1949ರಲ್ಲಿ ಶುರುವಾಯಿತು. ಅಲ್ಲಿ ಕೊನೆಯ ಸೀಸನ್ 2019. ಆ ವರ್ಷ ಸ್ವಿಂಡನ್ ರಾಬಿನ್ಸ್ ತಂಡ ಲೀಗ್ ಗೆದ್ದಿತು, ಆಮೇಲೆ ಅಲ್ಲಿ ಬೈಕಿನ ಸದ್ದು ನಿಂತೇ ಹೋಯಿತು.

ಈ ಕೆಲಸ ಕೊಟ್ಟವರು ಪಕ್ಕದ ಮನೆಯ ಹಿರಿಯ ದಂಪತಿ. ಅಜ್ಜ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಹುಡುಗನಾಗಿದ್ದಾಗಿನಿಂದ ಬ್ಲನ್ಸ್‌ಡನ್‌ಗೆ ಹೋದವರು. ಅಜ್ಜಿ ಗ್ಯಾರಾರ್ಡ್ ಫ್ಯಾಕ್ಟರಿಯಲ್ಲಿ ಡೆಕ್ ಜೋಡಿಸುವ ಸಾಲಿನಲ್ಲಿ ಕೂತು ಕೆಲಸ ಮಾಡಿದವರು. ಬೇಸಿಗೆಯಲ್ಲಿ ಒಬ್ಬ ರೈತರ ಹೊಲದಲ್ಲಿ ಹಳೇ ಸ್ಪೀಡ್‌ವೇ ಬೈಕುಗಳನ್ನು ತಂದು ಸ್ಟಾರ್ಟ್ ಮಾಡಿ ನೋಡುವ ಸಣ್ಣ ಕೂಟ ಇದೆ. ಅದಕ್ಕೆ ಆ ಕಾಲದ ಹಾಡು ಬೇಕಂತೆ. ಹಾಡು ಅಂತ ಬರೀ ಹಾಡಲ್ಲ, ಆಗ ಹೇಗೆ ಕೇಳುತ್ತಿತ್ತೋ ಹಾಗೇ ಕೇಳಬೇಕು. ಹೋದ ಸಲ ಯಾರೋ ಫೋನಿಗೆ ಒಳ್ಳೇ ಸ್ಪೀಕರ್ ಜೋಡಿಸಿ ಅದೇ ಹಾಡುಗಳನ್ನು ಹಾಕಿದ್ದರಂತೆ. ಅಜ್ಜ ಸ್ವಲ್ಪ ಹೊತ್ತು ಕೇಳಿ, ಹಾಡು ಅದೇನೋ ಹೌದು, ಆದರೆ ಬ್ಲನ್ಸ್‌ಡನ್ ಇಲ್ಲ ಇದರಲ್ಲಿ ಅಂದರಂತೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು, ಯಾಕಂದ್ರೆ ಅವರು ಹೇಳಿದ್ದು ಸರಿ ಅನ್ನೋದು ಸೌಂಡ್ ಕೆಲಸ ಗೊತ್ತಿರುವ ಯಾರಿಗಾದರೂ ತಿಳಿಯುತ್ತದೆ.

ಸ್ಪೀಡ್‌ವೇ ನೋಡದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಟ್ರ್ಯಾಕ್, ಮೇಲೆ ಕಲ್ಲುಪುಡಿಯಂಥ ಸಡಿಲ ಪದರ. ನಾಲ್ಕು ಸವಾರರು, ನಾಲ್ಕು ಸುತ್ತು, ಎಡಕ್ಕೆ ಮಾತ್ರ ತಿರುವು. 500 ಸಿಸಿ ಬೈಕು, ಒಂದೇ ಗೇರು, ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿಕೊಂಡೇ ಹೋಗಬೇಕು, ಆಗ ಬೇಲಿ ಪಕ್ಕ ನಿಂತವರ ಮೇಲೆ ಕಲ್ಲುಪುಡಿ ಎರಚುತ್ತದೆ. ಎಂಜಿನ್ ಕುಡಿಯೋದು ಮೆಥನಾಲ್, ಆಯಿಲ್ ಆಗ ಕ್ಯಾಸ್ಟ್ರಾಲ್ ಆರ್, ಅಂದರೆ ನಮ್ಮ ಹರಳೆಣ್ಣೆಯಿಂದ ಮಾಡಿದ್ದು. ಹಳೇ ಪ್ರೇಕ್ಷಕರು ಆ ಸುಟ್ಟ ಹರಳೆಣ್ಣೆ ವಾಸನೆಯನ್ನು ಇವತ್ತಿಗೂ ಕಣ್ಣುಮುಚ್ಚಿ ಹೇಳುತ್ತಾರೆ. ಗೆದ್ದವನಿಗೆ 3 ಪಾಯಿಂಟ್, ಎರಡನೆಯವನಿಗೆ 2, ಆಮೇಲೆ 1, ಕೊನೆಯವನಿಗೆ ಸೊನ್ನೆ.

ಇಲ್ಲಿ ಹಾಡಿನ ಲೆಕ್ಕ ಬರುತ್ತದೆ. ಒಂದು ರೇಸ್ ಮುಗಿಯೋದು ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ. 1965ರಲ್ಲಿ ಬ್ರಿಟಿಷ್ ಲೀಗ್ ಶುರುವಾದಾಗ ಒಂದು ಪಂದ್ಯಕ್ಕೆ 13 ರೇಸ್. ಹಾಗಾದರೆ ಇಡೀ ಸಂಜೆಯಲ್ಲಿ ಬೈಕು ಓಡೋದು ಕಾಲು ಗಂಟೆಗಿಂತ ಕಡಿಮೆ. ಉಳಿದ ಹೊತ್ತೆಲ್ಲ ಟ್ರ್ಯಾಕ್ಟರ್ ಬಂದು ಟ್ರ್ಯಾಕ್ ಗೀರಿ ಸಮ ಮಾಡುತ್ತದೆ, ಕುಂಟೆ ಹಿಡಿದ ಆಳುಗಳು ತಿರುವಿನಲ್ಲಿ ಕಲ್ಲುಪುಡಿ ಎಳೆಯುತ್ತಾರೆ, ಜನ ಪ್ರೋಗ್ರಾಂ ಪುಸ್ತಕದಲ್ಲಿ ಪೆನ್ನಿನಿಂದ ಪಾಯಿಂಟ್ ಬರೆದುಕೊಳ್ಳುತ್ತಾರೆ, ಮತ್ತೆ ಹಾರ್ನಿನಲ್ಲಿ ಹಾಡು. ಎರಡೂವರೆ ಮೂರು ನಿಮಿಷದ ಒಂದು 45 ರೆಕಾರ್ಡು, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ರೆಕಾರ್ಡು, ಆ ಬಿಡುವಿಗೆ ಅಳತೆ ಮಾಡಿ ಹೊಲಿಸಿದಂತೆ ಕೂರುತ್ತಿತ್ತು. ಎಂಜಿನ್ ಓಡುವಾಗ ಹಾಡು ಹಾಕಿ ಪ್ರಯೋಜನವೂ ಇಲ್ಲ, ಕೇಳಿಸಲ್ಲ. ಆದ್ದರಿಂದ ಸ್ಪೀಡ್‌ವೇ ಹಾಡು ಅಂದರೆ ಕಾಯುವ ಹೊತ್ತಿನ ಹಾಡು. ಸವಾರರು ಸಾಲಾಗಿ ಬರುವಾಗ ಬ್ರಾಸ್ ಬ್ಯಾಂಡಿನ ಮಾರ್ಚ್, ನಡುವೆ ಆ ವಾರದ ಜನಪ್ರಿಯ ಹಾಡು, ಗಿಟಾರಿನ ವಾದ್ಯಸಂಗೀತ, ಕೊನೆಗೆ ಜನ ಎದ್ದು ಹೋಗುವಾಗ ಇನ್ನೊಂದು. ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ನಾಲ್ಕು ಸಲ ವಿಶ್ವ ಚಾಂಪಿಯನ್, 1964ರಿಂದ ಸ್ವಿಂಡನ್ನಿಗೆ ಓಡಿಸಿದವರು. 1967ರಲ್ಲಿ ಸ್ವಿಂಡನ್ ಲೀಗ್ ಗೆದ್ದ ಸೀಸನ್ನಿನ ಬಗ್ಗೆ ಅಜ್ಜನನ್ನು ಕೇಳಿದರೆ ಪಾಯಿಂಟಿಗಿಂತ ಮೊದಲು ಹೇಳೋದು ಬ್ರಿಗ್ಸ್ ಪೆರೇಡಿಗೆ ಬರುವಾಗ ಹಾರ್ನಿನಲ್ಲಿ ಬರುತ್ತಿದ್ದ ಮಾರ್ಚಿನ ತಾಳ.

ಡೆಕ್

ಎಸ್‌ಪಿ25 ನನ್ನ ಕೈಗೆ ಬಂದಾಗ ಇದ್ದ ಕಾಯಿಲೆಗಳು: 45ರಲ್ಲಿ ನಿಧಾನ, ಗುರ್ ಅನ್ನೋ ಸದ್ದು, ರೆಕಾರ್ಡು ಮುಗಿದರೂ ಸೂಜಿ ಹಿಡಿದ ಆರ್ಮ್ ವಾಪಸ್ ಬರುವುದಿಲ್ಲ. ಮೂರಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ, ವಯಸ್ಸು. ಈ ಡೆಕ್ಕಿನಲ್ಲಿ ಬೆಲ್ಟ್ ಇಲ್ಲ. ಮೋಟರ್ ಶಾಫ್ಟಿನ ಮೇಲೆ ಮೆಟ್ಟಿಲು ಮೆಟ್ಟಿಲಾದ ಸಣ್ಣ ಪುಲ್ಲಿ, ಅದಕ್ಕೆ ಒರಗಿ ತಿರುಗೋ ರಬ್ಬರ್ ಅಂಚಿನ ಚಕ್ರ, ಆ ಚಕ್ರ ಪ್ಲ್ಯಾಟರಿನ, ಅಂದರೆ ರೆಕಾರ್ಡು ಕೂರುವ ತಟ್ಟೆಯ, ಒಳ ಅಂಚನ್ನು ತಳ್ಳುತ್ತದೆ. ಯಾವ ಮೆಟ್ಟಿಲಿಗೆ ಚಕ್ರ ಒರಗಿದೆಯೋ ಆ ವೇಗ. ಇಲ್ಲಿನ ಕರೆಂಟ್ 50 ಹರ್ಟ್ಜ್, ಭಾರತದ ನಮ್ಮೂರಲ್ಲೂ 50. ಆದ್ದರಿಂದ ಇಲ್ಲಿಂದ ಊರಿಗೆ ತೆಗೆದುಕೊಂಡು ಹೋದ ಡೆಕ್ಕಿಗೆ ಪುಲ್ಲಿ ಬದಲಿಸೋದು ಬೇಡ. ಅಮೆರಿಕದಿಂದ ತಂದದ್ದಾದರೆ 60 ಹರ್ಟ್ಜ್ ಪುಲ್ಲಿ ಇರುತ್ತದೆ, ಎಲ್ಲ ಹಾಡೂ ಎಳೆದ ಹಾಗೆ ಕೇಳುತ್ತದೆ.

ಪ್ಲ್ಯಾಟರ್ ಎತ್ತಿ, ಡೆಕ್ಕನ್ನು ಮಗುಚಿ ಹಾಕಿದಾಗ ಅಡಿಯ ದೊಡ್ಡ ಹಲ್ಲಿನ ಚಕ್ರ, ಸನ್ನೆಗಳು (ಲಿವರ್) ಎಲ್ಲ ಕಂಡವು. ಫ್ಯಾಕ್ಟರಿಯಲ್ಲಿ ಹಾಕಿದ್ದ ಗ್ರೀಸ್ ಹಳೇ ಬೆಲ್ಲದ ಪಾಕದ ಹಾಗೆ ಕಂದುಬಣ್ಣಕ್ಕೆ ಗಟ್ಟಿಯಾಗಿ, ಸನ್ನೆಗಳು ಅಲ್ಲಲ್ಲೇ ಅಂಟಿಕೊಂಡಿದ್ದವು. ಗ್ಯಾರಾರ್ಡ್ ಬಿಚ್ಚಿದವರಿಗೆಲ್ಲ ಇದು ಗೊತ್ತಿರೋದೇ. ಬಲವಂತ ಮಾಡಬಾರದು. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್ಷಿನಲ್ಲಿ ಹಚ್ಚಿ, ನೆನೆಯಲು ಬಿಟ್ಟು, ಕಡ್ಡಿಗೆ ಹತ್ತಿ ಸುತ್ತಿ ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಬೇಕು. ತಾಳ್ಮೆಯ ಕೆಲಸ.

ಇದನ್ನು ಮಾಡುತ್ತಿರುವಾಗ ಅಜ್ಜಿ ಟೀ ತಂದರು, ಕೂತರು, ಆಮೇಲೆ ಕನ್ನಡಕ ಹಾಕಿಕೊಂಡು ಬೆಂಚಿಗೇ ಬಂದರು. ಅಷ್ಟು ವರ್ಷ ಬಿಟ್ಟ ಕೆಲಸ, ಆದರೆ ಬೆರಳು ಮರೆತಿಲ್ಲ. ಡೆಕ್ಕನ್ನು ಎಡಗೈ ಮೇಲೆ ಓರೆಯಾಗಿ ಇಟ್ಟುಕೊಂಡು, ಬಲಗೈ ಹೆಬ್ಬೆರಳಿನ ಉಗುರಿನಿಂದ ಒಂದು ತೆಳ್ಳನೆಯ ಸನ್ನೆಯನ್ನು ಮೆಲ್ಲಗೆ ಮುಟ್ಟಿದರು. ಅದು ಅತ್ತ ಹೋಗಿ ಇತ್ತ ಬೀಳಲಿಲ್ಲ, ನಡುವೆ ನಿಂತಿತು.

"ನೋಡಿದ್ಯಾ ಮಗಾ, ಇದು ತನ್ನ ಭಾರಕ್ಕೆ ತಾನೇ ಬೀಳಬೇಕು. ಇದಕ್ಕೆ ಎಣ್ಣೆ ಹಾಕ್ಬೇಡ."

"ಒಂದು ಹನಿನೂ ಬೇಡ್ವಾ?"

"ಬೇಡ. ಒಣಗಿರಲಿ. ಎಣ್ಣೆ ಹಾಕಿದರೆ ಇವತ್ತು ಓಡುತ್ತೆ, ನಾಳೆ ಧೂಳು ಹಿಡಿದು ಮತ್ತೆ ನಿಲ್ಲುತ್ತೆ."

ಅದು ಟ್ರಿಪ್ ಸನ್ನೆ. ಆರ್ಮ್ ರೆಕಾರ್ಡಿನ ಕೊನೆಯ ಅಗಲ ಗೆರೆಗೆ ಬಂದು ಜೋರಾಗಿ ಒಳಕ್ಕೆ ಸರಿದಾಗ ಈ ಸನ್ನೆ ಸಿಕ್ಕಿಕೊಂಡು, ದೊಡ್ಡ ಚಕ್ರ ತಿರುಗಿ, ಆರ್ಮ್ ಎದ್ದು ವಾಪಸ್ ಬರುತ್ತದೆ. ಸೂಜಿಯ ಮೇಲಿನ ಭಾರ ಬರೀ ಕೆಲವು ಗ್ರಾಂ, ಅಷ್ಟರಲ್ಲೇ ಸನ್ನೆ ತಳ್ಳಿಸಿಕೊಳ್ಳಬೇಕು, ಹಾಗಾಗಿ ಅಲ್ಲಿ ಚೂರು ಅಂಟಿದ್ದರೂ ಕೆಲಸ ಕೆಡುತ್ತದೆ. ಅಜ್ಜಿ ಹೇಳಿದ ಹಾಗೆ ಒಣಗಿಸಿಯೇ ಬಿಟ್ಟೆ. ದೊಡ್ಡ ಚಕ್ರದ ಹಲ್ಲಿಗೆ, ಜಾರುವ ಜಾಗಕ್ಕೆ ಮಾತ್ರ ಹೊಸ ಗ್ರೀಸ್, ಅದೂ ಸವರಿದಷ್ಟು. ಮೋಟರಿನ ಎರಡು ಬೇರಿಂಗು ಎಣ್ಣೆ ಹೀರುವ ಕಂಚಿನವು, ಅವನ್ನು ತೆಳು ಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಿಟ್ಟೆ. ರಬ್ಬರ್ ಚಕ್ರದ ಅಂಚು ಹೊಳಪು ಬಂದು ಗಟ್ಟಿಯಾಗಿತ್ತು. ಅದನ್ನು ತಿರುಗಿಸುತ್ತಾ ನಯವಾದ ಮರಳು ಕಾಗದ ತಾಗಿಸಿ ಮೇಲಿನ ಪದರ ತೆಗೆದೆ. ಪುಲ್ಲಿ ಮತ್ತು ಪ್ಲ್ಯಾಟರ್ ಒಳ ಅಂಚು ಆಲ್ಕೋಹಾಲಿನಿಂದ ಒರೆಸಿದೆ. ಇಲ್ಲಿ ಎಣ್ಣೆ ಬೆರಳು ತಾಗಿದರೂ ಜಾರುತ್ತದೆ, ಜೋಪಾನ.

ವೇಗ ನೋಡೋಕೆ ಗೆರೆಗಳ ಸ್ಟ್ರೋಬ್ ಕಾಗದ. 50 ಹರ್ಟ್ಜ್ ಕರೆಂಟಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 33⅓ಕ್ಕೆ ಸರಿಯಾಗಿ 180 ಗೆರೆ. 45ಕ್ಕೆ ಲೆಕ್ಕ 133.33 ಬರುತ್ತದೆ, ಮೂರನೇ ಒಂದು ಗೆರೆ ಬರೆಯೋಕಾಗಲ್ಲ, ಹಾಗಾಗಿ 133 ಗೆರೆ. ಅದು ನಿಂತ ಹಾಗೆ ಕಂಡರೆ ವೇಗ 45.11, ಕಿವಿಗೆ ಗೊತ್ತಾಗದ ವ್ಯತ್ಯಾಸ. ಈಗಿನ ಹೆಚ್ಚಿನ ಎಲ್‌ಇಡಿ ಬಲ್ಬಿನಲ್ಲಿ ಇದು ನಡೆಯಲ್ಲ, ಆ ಮಿಣುಕು ಅದರಲ್ಲಿ ಸರಿಯಾಗಿ ಬರುವುದಿಲ್ಲ. ಟೆಸ್ಟರ್ ಸ್ಕ್ರೂಡ್ರೈವರಿನ ನಿಯಾನ್ ದೀಪ ಸಾಕು. ರಬ್ಬರ್ ಸರಿಮಾಡಿದ ಮೇಲೆ ಗೆರೆಗಳು ನಿಂತವು.

ಸೂಜಿ ಬಗ್ಗೆ ಒಂದು ಮಾತು. ಇದರಲ್ಲಿ ಇದ್ದದ್ದು ಸಿರಾಮಿಕ್ ಕಾರ್ಟ್ರಿಜ್, ಅಂದರೆ ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ತುಣುಕು. ಹಲವರು ಇದನ್ನು ಕಿತ್ತು ಮ್ಯಾಗ್ನೆಟಿಕ್ ಹಾಕುತ್ತಾರೆ, ಮನೆಯಲ್ಲಿ ಕೂತು ಕೇಳೋಕೆ ಅದೇ ಸರಿ. ನನಗೆ ಬೇಡವಾಗಿತ್ತು. ಸಿರಾಮಿಕ್ಕಿನಿಂದ ಜಾಸ್ತಿ ವೋಲ್ಟೇಜ್ ಬರುತ್ತದೆ, ಬೇರೆ ಪ್ರಿಆಂಪ್ ಬೇಡ, ಬಯಲಿನಲ್ಲಿ ಹಮ್ಮಿಂಗ್ ಕಾಟ ಕಡಿಮೆ. ಒಂದೇ ಷರತ್ತು, ಮುಂದಿನ ಆಂಪ್ಲಿಫೈಯರಿನ ಇನ್‌ಪುಟ್ 10 ಲಕ್ಷ ಓಮ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕಡಿಮೆ ಇದ್ದರೆ ಬಾಸ್ ಹೋಗಿಬಿಡುತ್ತದೆ. ಹಳೇ ವಾಲ್ವ್ ಸೆಟ್ಟಿನ ಗ್ರಾಮೊಫೋನ್ ಇನ್‌ಪುಟ್ ಇದಕ್ಕಾಗಿಯೇ ಇರೋದು.

ಆಂಪ್ಲಿಫೈಯರ್

ತಿಪಟೂರಿನ ಕಡೆ ನಮ್ಮ ದೊಡ್ಡಪ್ಪನದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಇತ್ತು. ಜಾತ್ರೆ, ಮದುವೆ, ನಾಟಕ, ಎಲ್ಲದಕ್ಕೂ ಅಹೂಜಾ ಸೆಟ್ಟು, ತೆಂಗಿನ ಮರಕ್ಕೆ ಕಟ್ಟಿದ ಹಾರ್ನು. ರಿಪೇರಿಗೆ ಬಂದ ಯಾವ ಸೆಟ್ಟನ್ನೂ ಅವರು ನೇರ ಕರೆಂಟಿಗೆ ಹಾಕುತ್ತಿರಲಿಲ್ಲ. ಮೊದಲು ಸೀರೀಸ್ ಬೋರ್ಡ್. 100 ವ್ಯಾಟಿನ ಒಂದು ತಂತಿ ಬಲ್ಬು ಸೀರೀಸಿನಲ್ಲಿ, ಆಮೇಲೆ ಸೆಟ್ಟು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಸುಡಲ್ಲ. ಸರಿ ಇದ್ದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಇಲ್ಲೂ ನಾನು ಅದನ್ನೇ ಮಾಡಿಕೊಂಡಿದ್ದೇನೆ, ತಂತಿ ಬಲ್ಬು ಹುಡುಕೋದೇ ಈಗ ಕಷ್ಟ.

ಆದರೆ ಈ ಆಂಪ್ಲಿಫೈಯರಿಗೆ ಬಲ್ಬಿನ ಸರದಿ ಬರೋಕೆ ಮುಂಚೆಯೇ ಮಾಡಬೇಕಾದ ಕೆಲಸ ಬಹಳ ಇತ್ತು. ಹಳೇ ಎರಡು ತಂತಿಯ ಕರೆಂಟ್ ವೈರ್ ಕಿತ್ತು ಮೂರು ತಂತಿಯದು ಹಾಕಿ, ಚಾಸಿಗೆ ಅರ್ಥ್ ಗಟ್ಟಿಯಾಗಿ ಬಿಗಿದೆ. ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿ ಹೋಗಿದ್ದವು, ಎಲ್ಲವನ್ನೂ ಹೊಸದು ಮಾಡಿದೆ. ಇನ್ನು ಅದಕ್ಕಿಂತ ಮುಖ್ಯ, ವಾಲ್ವಿನಿಂದ ವಾಲ್ವಿಗೆ ಸಿಗ್ನಲ್ ದಾಟಿಸುವ ಸಣ್ಣ ಕಾಗದದ ಕೆಪಾಸಿಟರ್‌ಗಳು. ಇವು ನೋಡಲು ಚೆನ್ನಾಗಿಯೇ ಇರುತ್ತವೆ, ಆದರೆ ಒಳಗೆ ಸೋರುತ್ತಿರುತ್ತವೆ. ಹಿಂದಿನ ವಾಲ್ವಿನ ಪ್ಲೇಟಿನ ಹೈ ವೋಲ್ಟೇಜ್ ಸ್ವಲ್ಪ ಸ್ವಲ್ಪವಾಗಿ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬಂದರೆ ಆ ವಾಲ್ವು ಮಿತಿಮೀರಿ ಕರೆಂಟ್ ಎಳೆದು, ಪ್ಲೇಟ್ ಕೆಂಪಗಾಗಿ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ವಾಲ್ವು ಇವತ್ತೂ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗಲ್ಲ. ಹಾಗಾಗಿ ಪರೀಕ್ಷೆ ಏನೂ ಮಾಡದೆ ಎಲ್ಲವನ್ನೂ 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರಿಗೆ ಬದಲಿಸಿದೆ.

ಸೀರೀಸ್ ಬಲ್ಬಿನಲ್ಲಿ ಹಾಕಿದಾಗ ಬಲ್ಬು ಬೆಳಗಿ ಮಂಕಾಯಿತು. ವಾಲ್ವಿನ ಒಳಗೆ ಕಿತ್ತಳೆ ಬಣ್ಣದ ಎಳೆ ಕಂಡಿತು, ಬೆಚ್ಚಗಾದ ಧೂಳಿನ ವಾಸನೆ ಬಂತು. ಈ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು, ನಂಗೆ ಇದಕ್ಕಿಂತ ಖುಷಿ ಕೊಡೋ ವಾಸನೆ ಕಡಿಮೆ.

ಇದನ್ನು ಮಾಡೋಕೆ ಹೊರಟವರು ದಯವಿಟ್ಟು ಇಷ್ಟು ನೆನಪಿಡಿ. ಒಳಗೆ 400 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೇ ಕೈ ಹಾಕಿ. ಒಂದು ಕೈ ಜೇಬಿನಲ್ಲಿ ಇರಲಿ. ಮತ್ತೆ, ವಾಲ್ವ್ ಸೆಟ್ಟಿಗೆ ಲೋಡ್ (ಸ್ಪೀಕರ್ ಅಥವಾ ಅದರ ಬದಲು ರೆಸಿಸ್ಟರ್) ಇಲ್ಲದೆ ಹಾಡು ಹಾಕಬೇಡಿ, ಟ್ರಾನ್ಸ್‌ಫಾರ್ಮರಿನ ಒಳಗೇ ಕಿಡಿ ಹಾರುತ್ತದೆ. ನನ್ನದು 50 ವ್ಯಾಟಿನದು, ಔಟ್‌ಪುಟ್ 100 ವೋಲ್ಟ್ ಲೈನ್. 100ರ ವರ್ಗವನ್ನು 50ರಿಂದ ಭಾಗಿಸಿದರೆ 200 ಓಮ್. ಅಷ್ಟರ ಒಂದು ದೊಡ್ಡ ರೆಸಿಸ್ಟರ್ ಕಟ್ಟಿ ಬೆಂಚಿನಲ್ಲಿ ಪರೀಕ್ಷೆ ಮಾಡಿದೆ.

ಹಾರ್ನ್

ಈ ಕೆಲಸದ ಜೀವ ಇರೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸ್ಟೇಡಿಯಂನ ಹಾರ್ನಿಗೂ ನಮ್ಮ ಜಾತ್ರೆಯ ಹಾರ್ನಿಗೂ ವ್ಯತ್ಯಾಸ ಇಲ್ಲ. ಹಿಂದೆ ಸದ್ದು ಹುಟ್ಟಿಸುವ ಯೂನಿಟ್ಟು, ಮುಂದೆ ಮಡಚಿ ಮಡಚಿ ಬರೋ ಅಲ್ಯೂಮಿನಿಯಂ ಕೊಳವೆ. ಸೆಟ್ಟಿನಿಂದ ದೂರದ ಕಂಬಗಳಿಗೆ ನೂರಾರು ಮೀಟರ್ ವೈರ್ ಎಳೆಯಬೇಕಾದ್ದರಿಂದ 100 ವೋಲ್ಟ್ ಲೈನ್, ಪ್ರತಿ ಹಾರ್ನಿನಲ್ಲೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ವೋಲ್ಟೇಜ್ ಹೆಚ್ಚು, ಕರೆಂಟ್ ಕಡಿಮೆ, ಹಾಗಾಗಿ ತೆಳು ವೈರಿನಲ್ಲೂ ನಷ್ಟ ಕಡಿಮೆ. ನಾನು ಪ್ರತಿ ಹಾರ್ನನ್ನೂ ಅದರ ಟ್ರಾನ್ಸ್‌ಫಾರ್ಮರಿನ 5 ವ್ಯಾಟ್ ಟ್ಯಾಪಿಗೆ ಹಾಕಿದೆ. ಲೆಕ್ಕದಲ್ಲಿ ಒಂದೊಂದೂ 2000 ಓಮ್, ನಾಲ್ಕು ಪ್ಯಾರಲಲ್ ಆದರೆ 500 ಓಮ್, ಒಟ್ಟು 20 ವ್ಯಾಟ್. 50 ವ್ಯಾಟಿನ ಸೆಟ್ಟಿಗೆ ಆರಾಮು. ಇದನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅಳೆಯಬೇಡಿ, ಅದು ತಾಮ್ರದ ತಂತಿಯ ರೆಸಿಸ್ಟೆನ್ಸ್ ಮಾತ್ರ ತೋರಿಸುತ್ತದೆ, ಶಾರ್ಟ್ ಇದೆ ಅನ್ನಿಸಿಬಿಡುತ್ತದೆ.

ನಾಲ್ಕರಲ್ಲಿ ಒಂದು ಯೂನಿಟ್ ಸತ್ತಿತ್ತು. ಕಾಯಿಲ್ ಕಟ್ ಆಗಿತ್ತು, ಡಯಾಫ್ರಾಮ್ (ಕಂಪಿಸಿ ಸದ್ದು ಮಾಡುವ ತೆಳು ಪೊರೆ) ಅಂಚಿನಲ್ಲಿ ಸೀಳಿತ್ತು. ಇಂಥ ಯೂನಿಟ್ ಹೀಗೆ ಸಾಯೋದಕ್ಕೆ ಒಂದು ಸಾಮಾನ್ಯ ಕಾರಣ ಬಾಸ್. ಹಾರ್ನ್ ಎಷ್ಟು ಉದ್ದ, ಬಾಯಿ ಎಷ್ಟು ಅಗಲ ಅನ್ನೋದರ ಮೇಲೆ ಅದು ಎಷ್ಟು ತಗ್ಗಿನ ಸ್ವರ ಕೊಡಬಲ್ಲದು ಅನ್ನೋದು ನಿಂತಿದೆ. ಈ ಅಳತೆಯದಕ್ಕೆ 300 ಹರ್ಟ್ಜ್ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಅದಕ್ಕಿಂತ ಕೆಳಗೆ ಡಯಾಫ್ರಾಮಿಗೆ ಗಾಳಿಯ ತಡೆ ಸಿಗಲ್ಲ, ಹೊರಗೆ ಸದ್ದೂ ಬರಲ್ಲ, ಒಳಗೆ ಸುಮ್ನೆ ಬಡಿದುಕೊಂಡು ಹರಿಯುತ್ತದೆ. ಆದ್ದರಿಂದ ಪ್ರತಿ ಹಾರ್ನಿನ ಟ್ರಾನ್ಸ್‌ಫಾರ್ಮರಿಗೆ ಸೀರೀಸಿನಲ್ಲಿ ಒಂದೊಂದು ಕೆಪಾಸಿಟರ್ ಹಾಕಿದೆ. 2000 ಓಮಿಗೆ 300 ಹರ್ಟ್ಜಿನಲ್ಲಿ ಕತ್ತರಿಸಬೇಕಾದರೆ 0.27 ಮೈಕ್ರೋಫ್ಯಾರಡ್ ಬರುತ್ತದೆ, 250 ವೋಲ್ಟ್ ಎಸಿಯ ಫಿಲ್ಮ್ ಕೆಪಾಸಿಟರ್. ಸತ್ತ ಯೂನಿಟ್ಟಿಗೆ ಹೊಸ ಡಯಾಫ್ರಾಮ್ ಹಾಕಿದೆ. ಮ್ಯಾಗ್ನೆಟ್ಟಿನ ಸಂದಿಯಲ್ಲಿ ಕಬ್ಬಿಣದ ಪುಡಿ ಕೂತಿತ್ತು, ಅದನ್ನು ಮಾಸ್ಕಿಂಗ್ ಟೇಪಿನ ಅಂಟು ಮುಖ ಒತ್ತಿ ಒತ್ತಿ ತೆಗೆಯಬೇಕು, ಊದಿದರೆ ಹೋಗಲ್ಲ.

ಈಗ ಅಜ್ಜನ ಮಾತಿಗೆ ಬರುತ್ತೇನೆ. ಕೆಳಗೆ 300 ಹರ್ಟ್ಜಿನಲ್ಲಿ ಕಟ್, ಮೇಲೆ 5-6 ಸಾವಿರ ಹರ್ಟ್ಜ್ ದಾಟಿದರೆ ಹಾರ್ನೇ ಕೊಡಲ್ಲ. ಡ್ರಮ್ಮಿನ ಗುಡುಗು ಇಲ್ಲ, ತಾಳದ ಝಣಝಣ ಇಲ್ಲ. ಉಳಿಯೋದು ಕಹಳೆ, ಗಿಟಾರ್, ಹಾಡುಗಾರನ ಗಂಟಲು, ಅಷ್ಟೇ. ಬ್ರಾಸ್ ಬ್ಯಾಂಡ್ ಮಾರ್ಚ್, ಗಿಟಾರ್ ವಾದ್ಯಸಂಗೀತ ಯಾಕೆ ಅಷ್ಟು ಒಪ್ಪುತ್ತಿತ್ತು ಅಂದ್ರೆ ಅವುಗಳ ಸತ್ವ ಎಲ್ಲ ಇದೇ ಪಟ್ಟಿಯೊಳಗೆ ಇದೆ. ಜೊತೆಗೆ ಸ್ಟೇಡಿಯಂ ಸುತ್ತ ಕಂಬ ಕಂಬದಲ್ಲಿ ಹಾರ್ನು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಟ್ರ್ಯಾಕಿನ ಆಚೆ ಬದಿ 70 ಮೀಟರ್ ದೂರ ಅಂದುಕೊಂಡರೆ, ನಿಮ್ಮ ತಲೆ ಮೇಲಿನ ಹಾರ್ನಿನ ಸದ್ದು ಮೊದಲು ಬಂದು, ಎದುರಿನದು ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಬರುತ್ತದೆ. ಪ್ರತಿ ತಾಳವೂ ಎರಡೆರಡು ಸಲ. ಗಾಳಿ ಬೀಸಿದರೆ ಒಂದು ಕರಗಿ ಇನ್ನೊಂದು ಮೇಲೆ ಬರುತ್ತದೆ. ಅಲ್ಲಿ ಬೆಳೆದವರು ನೆನಪಿಟ್ಟುಕೊಂಡಿರೋದು ಈ ಹಾಡನ್ನು. ಒಂದು ಒಳ್ಳೇ ಸ್ಪೀಕರಿನಲ್ಲಿ ಅದನ್ನು ತುಂಬು ಬಾಸಿನಲ್ಲಿ ಹಾಕಿದರೆ, ಅದು ಅವರು ಬ್ಲನ್ಸ್‌ಡನ್ನಿನಲ್ಲಿ ಯಾವತ್ತೂ ಕೇಳೇ ಇಲ್ಲದ ಹಾಡು.

ಕಂಪ್ಯೂಟರಿನಲ್ಲಿ ಫಿಲ್ಟರ್, ಎಕೋ ಹಾಕಿ ಇದನ್ನೇ ಮಾಡಬಹುದಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಮನೆಯೊಳಗೆ ಕೂತು ಕೇಳೋಕೆ ಮಾಡಬಹುದು. ಬಯಲಿನಲ್ಲಿ ಜನ ನಡೆದಾಡುತ್ತಾರೆ, ಹತ್ತು ಹೆಜ್ಜೆ ಆಚೆ ಹೋದರೆ ಯಾವ ಹಾರ್ನ್ ಮೊದಲು, ಯಾವುದು ಆಮೇಲೆ ಅನ್ನೋದು ಬದಲಾಗಬೇಕು. ಅದಕ್ಕೆ ಹಾರ್ನನ್ನೇ ದೂರ ದೂರ ಕಟ್ಟಬೇಕು, ಬೇರೆ ದಾರಿ ನನಗೆ ಕಾಣಲಿಲ್ಲ.

ಹೊಲದಲ್ಲಿ ಪರೀಕ್ಷೆ

ಕೂಟ ನಡೆಯೋ ಹೊಲದಲ್ಲೇ ಗೂಟ ನೆಟ್ಟು ಮೊದಲು ನಾಲ್ಕೂ ಹಾರ್ನನ್ನು ಒಂದೇ ಸಾಲಿನಲ್ಲಿ ಕಟ್ಟಿದೆವು. ಫೇಸ್ ನೋಡಿಕೊಂಡೇ ಜೋಡಿಸಿದ್ದೆ, ಎಲ್ಲ ಡಯಾಫ್ರಾಮೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಮಾರ್ಚ್ ರೆಕಾರ್ಡ್ ಹಾಕಿದೆ. ಅಜ್ಜ ಹಾರ್ನಿನ ಎದುರು ನಿಂತು ತಲೆ ಅಲ್ಲಾಡಿಸಿದರು.

"ಹತ್ರ ಬಂತು. ಆದ್ರೆ ಇದು ಒಂದೇ ಕಡೆಯಿಂದ ಬರ್ತಿದೆ. ನಾವು ನಿಲ್ತಾ ಇದ್ದದ್ದು ಹಿಂದಿನ ನೇರ ದಾರಿಯಲ್ಲಿ, ಆಫೀಸ್ ಕಟ್ಟಡದ ಎದುರು ಬದಿ."

ಎರಡು ಹಾರ್ನನ್ನು ಕಿತ್ತು ಹೊಲದ ಆಚೆ ಬದಿಗೆ, ಬೇಲಿ ಪಕ್ಕ ಒಯ್ದು, ಈ ಕಡೆ ಮುಖ ಮಾಡಿ ಕಟ್ಟಿದೆವು. ಮತ್ತೆ ಅದೇ ರೆಕಾರ್ಡು. ಅಜ್ಜ ನಿಧಾನಕ್ಕೆ ಬೇಲಿಯ ಉದ್ದಕ್ಕೂ ನಡೆದರು, ಒಂದು ಕಡೆ ನಿಂತರು, ಎರಡು ಹೆಜ್ಜೆ ಹಿಂದೆ ಬಂದರು, ಕೋಲನ್ನು ನೆಲಕ್ಕೆ ಊರಿ, "ಇಲ್ಲಿ" ಅಂದರು. ಅವರ ಕಾಲಿನ ಬಳಿ ನಾನು ಒಂದು ಗೂಟ ಹೊಡೆದೆ, ಕೂಟದ ದಿನ ಕುರ್ಚಿ ಹಾಕಬೇಕಾದ ಜಾಗ ಅದೇ.

ಆಮೇಲೆ ಅವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಹಾಡು ತಾನಾಗಿ ಮುಗಿಯಬಾರದು. ರೇಸಿಗೆ ಎರಡು ನಿಮಿಷದ ಗಡುವಿನ ಗಂಟೆ ಬಾರಿಸಿದ ಮೇಲೆ ಸವಾರರು ಟ್ರ್ಯಾಕಿಗೆ ಅಡ್ಡ ಕಟ್ಟಿದ ಸ್ಟಾರ್ಟಿಂಗ್ ಟೇಪಿನ ಹತ್ತಿರ ಬರುತ್ತಾರೆ, ಕಾಲಿನಿಂದ ಮಣ್ಣು ಕೆದರಿ ಚಕ್ರಕ್ಕೆ ಜಾಗ ಮಾಡಿಕೊಳ್ಳುತ್ತಾರೆ, ಆಗ ಹಾಡು ನಡುವೆಯೇ ಮೆಲ್ಲಗೆ ಇಳಿದು ನಿಲ್ಲುತ್ತಿತ್ತಂತೆ. ಅದು ನಿಂತ ತಕ್ಷಣ ಜನರ ಮಾತೂ ನಿಲ್ಲುತ್ತಿತ್ತು. ಒಂದು ಕ್ಷಣ ಎಂಜಿನ್ನುಗಳ ಟಕಟಕ ಮಾತ್ರ, ಆಮೇಲೆ ಟೇಪ್ ಮೇಲಕ್ಕೆ ಹಾರಿ ನಾಲ್ಕೂ ಒಟ್ಟಿಗೆ ಗರ್ಜಿಸೋದು. ರೇಸ್ ಮುಗಿದ ಮೇಲೆ ಅನೌನ್ಸರ್ ಹೆಸರು, ಸಮಯ, ಪಾಯಿಂಟ್ ಹೇಳುವಾಗ ಹಿಂದೆ ಮುಂದಿನ ಹಾಡು ಸಣ್ಣಗೆ ಶುರುವಾಗಿರುತ್ತಿತ್ತು, ಕೊನೇ ಪಾಯಿಂಟ್ ಹೇಳಿ ಮೈಕ್ ಆಫ್ ಆದ ಕೂಡಲೇ ಹಾಡು ಮೇಲೆ ಬರುತ್ತಿತ್ತು. ಅಷ್ಟು ಅಚ್ಚುಕಟ್ಟು ಆ ರೆಕಾರ್ಡು ಹಾಕುವವರ ಕೈ. ಅವರ ಹೆಸರು ಜನಕ್ಕೆ ಗೊತ್ತಿಲ್ಲ, ಗೆದ್ದವರ ಹೆಸರು ಎಲ್ಲರಿಗೂ ಗೊತ್ತು. ಆ ಸಂಜೆಯನ್ನು ನಡೆಸಿದವರು ಅವರೂ ಹೌದು ಅಂತ ನಾನು ನಂಬುತ್ತೇನೆ.

ಇದಕ್ಕಾಗಿ ಒಂದು ಸಣ್ಣ ಪೆಟ್ಟಿಗೆ ಮಾಡಿದೆ. ಡೆಕ್ಕಿನಿಂದ ಬರೋ ಸಿಗ್ನಲ್ಲಿಗೆ ಸೀರೀಸಿನಲ್ಲಿ 470 ಕಿಲೋ ಓಮ್. ಎರಡು ಸಾಲಿನ ಒಂದು ಒತ್ತು ಸ್ವಿಚ್. ಒತ್ತಿದಾಗ ಒಂದು ಸಾಲು ಮೈಕನ್ನು ಆನ್ ಮಾಡುತ್ತದೆ, ಇನ್ನೊಂದು ಸಾಲು ಹಾಡಿನ ಸಿಗ್ನಲ್ಲನ್ನು 47 ಕಿಲೋ ಓಮ್ ಮೂಲಕ ಅರ್ಥಿಗೆ ಇಳಿಸುತ್ತದೆ. ಹಾಡು ಹೆಚ್ಚುಕಡಿಮೆ ಹತ್ತನೇ ಒಂದು ಭಾಗಕ್ಕೆ, ಅಂದರೆ 20 ಡೆಸಿಬಲ್ ಕೆಳಗೆ ಹೋಗುತ್ತದೆ. ಆಗ ಕಾರ್ಟ್ರಿಜ್ಜಿಗೆ ಸಿಗೋ ಲೋಡಿನ ಓಮ್ ಕಡಿಮೆಯಾಗಿ ಹಾಡಿನ ಬಾಸ್ ಇನ್ನಷ್ಟು ಇಳಿಯುತ್ತದೆ, ಮಾತು ಸ್ಪಷ್ಟವಾಗಿ ಕೇಳೋಕೆ ಅದು ಅನುಕೂಲವೇ. ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಇಡಬೇಕು. ಇಷ್ಟು ದೊಡ್ಡ ರೆಸಿಸ್ಟರಿನ ನಂತರ ಉದ್ದ ಶೀಲ್ಡ್ ವೈರ್ ಎಳೆದರೆ ಮೇಲಿನ ಸ್ವರಗಳನ್ನು ಆ ವೈರೇ ತಿಂದುಬಿಡುತ್ತದೆ. ಟೇಪಿನ ಮುಂಚೆ ಹಾಡು ಇಳಿಸೋಕೆ ಮಾತ್ರ ಸ್ವಿಚ್ ಬೇಡ, ವಾಲ್ಯೂಮನ್ನು ಕೈಯಿಂದಲೇ ತಿರುಗಿಸಬೇಕು. ಅಜ್ಜ ಅದನ್ನು ತಾವೇ ಮಾಡುತ್ತೇನೆ ಅಂದಿದ್ದಾರೆ.

ರೆಕಾರ್ಡುಗಳನ್ನು ಅಜ್ಜಿ ಆರಿಸಿ ಕೊಟ್ಟಿದ್ದಾರೆ. ಪೆರೇಡಿಗೆ ಒಂದು ಮಾರ್ಚ್, ನಡುವಿನ ಬಿಡುವುಗಳಿಗೆ 45ಗಳು, ಎಲ್ಲದರ ಕವರಿನ ಮೇಲೂ ಪೆನ್ಸಿಲಿನಲ್ಲಿ ನಿಮಿಷ ಬರೆದಿದ್ದಾರೆ. ಗೆರೆ ಬಿದ್ದ ರೆಕಾರ್ಡನ್ನು ತೆಗೆದಿಡೋಣ ಅಂದೆ, ಒಪ್ಪಲಿಲ್ಲ. ಹಾರ್ನಿನಲ್ಲಿ ಆ ಚಿಟಿಚಿಟಿ ಅರ್ಧಕ್ಕರ್ಧ ಕೇಳಿಸೋದೇ ಇಲ್ಲ, ಅವರು ಹೇಳಿದ್ದು ನಿಜ.

ಬಾಕಿ ಉಳಿದ ಕೆಲಸ: ಒಂದೇ ಡೆಕ್ ಇರೋದರಿಂದ ರೆಕಾರ್ಡು ಬದಲಿಸುವಾಗ ಖಾಲಿ ಬಿಡುತ್ತದೆ, ಎರಡನೇ ಎಸ್‌ಪಿ25 ಒಂದು ಸಿಕ್ಕಿದೆ, ಅದರ ಗ್ರೀಸ್ ತೆಗೆಯಬೇಕು. ಹೊಲಕ್ಕೆ ಕರೆಂಟ್ ಬರೋದು ಜನರೇಟರಿನಿಂದ, ಅದರ ವೇಗ 50 ಹರ್ಟ್ಜಿನಿಂದ ಆಚೀಚೆ ಹೋದರೆ ಹಾಡಿನ ಶ್ರುತಿಯೂ ಹೋಗುತ್ತದೆ, ಇನ್ವರ್ಟರ್ ಮಾದರಿಯದನ್ನು ಬಾಡಿಗೆಗೆ ಕೇಳಿದ್ದೇನೆ. ಹಾರ್ನಿನ ಬಾಯಿಗೆ ಮಳೆ ನೀರು ನಿಲ್ಲದ ಹಾಗೆ ಸ್ವಲ್ಪ ಕೆಳಕ್ಕೆ ಬಾಗಿಸಿ ಕಟ್ಟುವ ಕ್ಲ್ಯಾಂಪ್ ಬೇಕು. ಊರಲ್ಲಿ ಯಾರದಾದರೂ ಹಳೇ ಮೈಕ್ ಸೆಟ್ ಅಂಗಡಿಯಲ್ಲಿ ಅಂಥ ಕಬ್ಬಿಣದ ಕ್ಲ್ಯಾಂಪ್, ಯೂನಿಟ್ಟಿನ ಡಯಾಫ್ರಾಮ್ ಬಿದ್ದಿದ್ದರೆ ತಿಳಿಸಿ. ಡಿಸೆಂಬರಿನಲ್ಲಿ ತಿಪಟೂರಿಗೆ ಬರುತ್ತಿದ್ದೇನೆ, ಬಂದಾಗ ತೆಗೆದುಕೊಳ್ಳುತ್ತೇನೆ.